ಮಜ್ಜಿಗೆಯಲ್ಲಿ ಬೆರೆಸಿದ ಔಷಧಿ: ತೀವ್ರ ಮಾನಸಿಕ ಕಾಯಿಲೆ, ಮನೆಯವರು ಮತ್ತು ಕಾನೂನು



ಹೃದಯದ ಡಾಕ್ಟರಿಗೆ ಮಾನಸಿಕ ಕಾಯಿಲೆಯ ಕಾನೂನಿನ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಪುಣೆಯಲ್ಲಿ ನಾನು ನೋಡಿದ ಒಬ್ಬ ರೋಗಿಯಿಂದ ಇದು ಶುರುವಾಯಿತು. ಅವರ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವನಿಗೆ 36 ವರ್ಷ. ಮನೆ ಪಿಂಪ್ರಿಯಲ್ಲಿ, ಮೂಲ ವಿಜಯಪುರ ಜಿಲ್ಲೆ. ತಂದೆ ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ತೀರಿಕೊಂಡಿದ್ದಾರೆ. ಮನೆಯಲ್ಲಿ ಅವನು ಮತ್ತು 64 ವರ್ಷದ ತಾಯಿ, ಇಬ್ಬರೇ. ಅಕ್ಕ ಹುಬ್ಬಳ್ಳಿಯಲ್ಲಿದ್ದಾಳೆ. ಬೆಳಿಗ್ಗೆ ಬಚ್ಚಲಲ್ಲಿ ಕುಸಿದು ಬಿದ್ದವನನ್ನು ಪಕ್ಕದ ಮನೆಯವರು ರಿಕ್ಷಾದಲ್ಲಿ ಕರೆತಂದರು. ಎಚ್ಚರ ಬಂದಿತ್ತು, ಆದರೆ ಇಸಿಜಿ ನೋಡಿದ ಕೂಡಲೇ ನಾನು ಅವನನ್ನು ಐಸಿಯುಗೆ ಹಾಕಿಸಿದೆ.

ಹೃದಯ ಒಮ್ಮೆ ಬಡಿದ ಮೇಲೆ ಅದರ ಸ್ನಾಯು ಮುಂದಿನ ಬಡಿತಕ್ಕೆ ವಿದ್ಯುತ್ತಿನ ಲೆಕ್ಕದಲ್ಲಿ ಮತ್ತೆ ಸಜ್ಜಾಗಬೇಕು. ಇಸಿಜಿಯಲ್ಲಿ ಇದನ್ನು ಕ್ಯೂಟಿ ಎಂಬ ಅಳತೆಯಿಂದ ನೋಡುತ್ತೇವೆ. ಗಂಡಸರಲ್ಲಿ ಸುಮಾರು 450 ಮಿಲಿಸೆಕೆಂಡಿನ ಒಳಗಿದ್ದರೆ ಚಿಂತೆಯಿಲ್ಲ, 500 ದಾಟಿದರೆ ಅಪಾಯ. ಆಗ ಹೃದಯ ಯಾವ ಕ್ಷಣದಲ್ಲಾದರೂ ಹತೋಟಿ ತಪ್ಪಿ ಅಡ್ಡಾದಿಡ್ಡಿ ಬಡಿಯಬಹುದು. ಮಿದುಳಿಗೆ ರಕ್ತ ಹೋಗದೆ ಮನುಷ್ಯ ಬೀಳುತ್ತಾನೆ. ಅದೃಷ್ಟವಿದ್ದರೆ ಬಡಿತ ತಾನಾಗಿ ಸರಿಯಾಗಿ ಏಳುತ್ತಾನೆ, ಇಲ್ಲದಿದ್ದರೆ ಏಳುವುದಿಲ್ಲ. ಇವನ ಕ್ಯೂಟಿ 560ರ ಮೇಲಿತ್ತು.

ಯಾವ ಮಾತ್ರೆ ತಗೋತೀಯಪ್ಪ ಎಂದು ಕೇಳಿದೆ. ಯಾವುದೂ ಇಲ್ಲ ಅಂದ. ತಾಯಿಯೂ ತಲೆ ಅಲ್ಲಾಡಿಸಿದರು. ಮೂರು ದಿನದಿಂದ ಭೇದಿ ಇತ್ತು, ಓಣಿಯ ಡಾಕ್ಟರು ಲಿವೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟಿದ್ದರು, ಅಷ್ಟೇ. ಭೇದಿಯಿಂದ ಪೊಟ್ಯಾಶಿಯಂ ಇಳಿದಿತ್ತು, ಆ ಆಂಟಿಬಯಾಟಿಕ್ ಕೂಡ ಕ್ಯೂಟಿ ಉದ್ದ ಮಾಡುತ್ತದೆ. ಆದರೂ ಲೆಕ್ಕ ಪೂರ್ತಿ ಕೂಡುತ್ತಿರಲಿಲ್ಲ.

ನಾನು ಹೊರಗೆ ಬಂದಾಗ ತಾಯಿ ಹಿಂದೆಯೇ ಬಂದರು. ಲಿಫ್ಟಿನ ಹತ್ತಿರ ನಿಲ್ಲಿಸಿ ಸಣ್ಣ ದನಿಯಲ್ಲಿ ಹೇಳಿದರು: "ಸಾಹೇಬ್ರ, ಅವನ ಮುಂದ ಹೇಳಾಕ ಆಗಲಿಲ್ರೀ. ಮಜ್ಜಿಗ್ಯಾಗ ಹಾಕತೀನ್ರೀ. ಮೂರು ವರ್ಷ ಆತು. ನೀರಿನಂಗ ಇರತೈತಿ, ಅವಗ ರುಚಿ ಗೊತ್ತಾಗಂಗಿಲ್ಲ."

ಹ್ಯಾಲೋಪೆರಿಡಾಲ್ ಹನಿ. ಸ್ಕಿಜೋಫ್ರೇನಿಯಾಕ್ಕೆ ಹಳೆಯ, ಒಳ್ಳೆಯ ಔಷಧಿ. ಕ್ಯೂಟಿಯನ್ನು ಉದ್ದ ಮಾಡುವ ಔಷಧಿಯೂ ಹೌದು. ಹಳೇ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತರುತ್ತಿದ್ದರು. ಒಂದೂ ಇಸಿಜಿ ಆಗಿರಲಿಲ್ಲ. ಆಗುವುದಾದರೂ ಹೇಗೆ? ಔಷಧಿ ಕುಡಿಯುತ್ತಿದ್ದೇನೆಂದು ರೋಗಿಗೇ ಗೊತ್ತಿಲ್ಲ. ಮಗನಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆಯಲ್ಲಿ ತಾಯಿ ಓಣಿಯ ಡಾಕ್ಟರಿಗೂ ಹೇಳಿರಲಿಲ್ಲ. ಮೂರೂ ಸೇರಿ ಅವನ ಹೃದಯವನ್ನು ನಿಲ್ಲಿಸಿಬಿಡುತ್ತಿದ್ದವು.

ಮೆಗ್ನೀಶಿಯಂ ಕೊಟ್ಟು, ಪೊಟ್ಯಾಶಿಯಂ ಸರಿಮಾಡಿ, ಎರಡೂ ಔಷಧಿ ನಿಲ್ಲಿಸಿದೆವು. ಮೂರನೇ ದಿನ ಕ್ಯೂಟಿ ಸರಿಹೋಯಿತು. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನಸ್ಸಿನ ಔಷಧಿ ನಿಂತ ಮೇಲೆ ಮೂಲ ಕಾಯಿಲೆ ಮತ್ತೆ ಮೇಲೆದ್ದಿತು. ನೀರಿನಲ್ಲಿ ವಿಷವಿದೆ ಎಂದು ಅವನು ನೀರು ಕುಡಿಯುವುದನ್ನೇ ಬಿಟ್ಟ.

ಅವನನ್ನು ಮೊದಲೇ ಆಸ್ಪತ್ರೆಗೆ ಯಾಕೆ ಸೇರಿಸಲಿಲ್ಲ ಎಂದು ಆ ತಾಯಿಯನ್ನು ಕೇಳಿದೆ. ಸ್ವಲ್ಪ ಬೈಯುವ ದನಿಯಲ್ಲೇ ಕೇಳಿದೆ ಅನ್ನಿ. ಅವರು ಎಲ್ಲ ಕಡೆ ಹೋಗಿ ಬಂದಿದ್ದರು. ಒಂದು ಆಸ್ಪತ್ರೆಯಲ್ಲಿ, ಹೊಸ ಕಾನೂನು ಬಂದಿದೆ, ಅವನೇ ಒಪ್ಪಿ ಸಹಿ ಹಾಕದೆ ಅಡ್ಮಿಟ್ ಮಾಡಲಾಗದು ಅಂದರು. ಪೊಲೀಸರನ್ನು ಕೇಳಿದರೆ, ಏನಾದರೂ ಮಾಡಿಕೊಂಡ ಮೇಲೆ ಬನ್ನಿ ಅಂದರು. ಒಬ್ಬ ಡಾಕ್ಟರು ರೋಗಿಯನ್ನು ನೋಡದೆ ಔಷಧಿ ಬರೆಯುವುದಿಲ್ಲ ಅಂದರು, ಅದು ಸರಿಯೇ. ಮಗ ಮನೆಯ ಬಾಗಿಲು ದಾಟುತ್ತಿರಲಿಲ್ಲ. ಕೊನೆಗೆ ಉಳಿದದ್ದು ಮಜ್ಜಿಗೆ.

*ಕಾನೂನು ನಿಜವಾಗಿ ಏನು ಹೇಳುತ್ತದೆ*

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಪಾಸಾಯಿತು, 2018ರ ಮೇ 29ರಿಂದ ಜಾರಿಯಲ್ಲಿದೆ. ಹದಿನೆಂಟು ದಾಟಿದವರು ಯಾವ ಚಿಕಿತ್ಸೆ ಬೇಕು ಬೇಡ ಎಂಬುದನ್ನು ತಾವೇ ನಿರ್ಧರಿಸಬಹುದು ಎಂಬುದು ಅದರ ಮೂಲ ತತ್ವ. ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ ಎಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಆ ಆಸ್ಪತ್ರೆಯವರು ಹೇಳಿದ್ದು ಇಷ್ಟನ್ನೇ. ಇದು ಅರ್ಧ ಕಾನೂನು.

ಉಳಿದ ಅರ್ಧ ಸೆಕ್ಷನ್ 89ರಲ್ಲಿದೆ. ರೋಗಿಯ ಒಪ್ಪಿಗೆ ಇಲ್ಲದಿದ್ದರೂ ಅವನ ಪ್ರತಿನಿಧಿ ಅರ್ಜಿ ಕೊಟ್ಟರೆ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಅದಕ್ಕೆ ಷರತ್ತುಗಳಿವೆ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆಬೇರೆಯಾಗಿ ಪರೀಕ್ಷೆ ಮಾಡಬೇಕು. ಅದೇ ದಿನ, ಇಲ್ಲವೇ ಹಿಂದಿನ ಏಳು ದಿನದೊಳಗೆ. ಕಾಯಿಲೆ ಎಷ್ಟು ತೀವ್ರವಾಗಿರಬೇಕೆಂದರೆ, ಅವನು ಇತ್ತೀಚೆಗೆ ತನಗೆ ಹಾನಿ ಮಾಡಿಕೊಳ್ಳಲು ಹೋಗಿರಬೇಕು ಅಥವಾ ಹಾಗೆಂದು ಬೆದರಿಸಿರಬೇಕು. ಇಲ್ಲವೇ ಬೇರೆಯವರ ಮೇಲೆ ಕೈಮಾಡಿರಬೇಕು ಅಥವಾ ಅವರಿಗೆ ಹೆದರಿಕೆ ಹುಟ್ಟಿಸಿರಬೇಕು. ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯದ ಸ್ಥಿತಿ ತಲುಪಿರಬೇಕು. ಈ ಮೂರರಲ್ಲಿ ಒಂದು ಇದ್ದರೆ ಸಾಕು.

ಮೂರನೆಯದನ್ನು ಇನ್ನೊಮ್ಮೆ ಓದಿ. ಹೊಡೆದಾಟ ಆಗಲೇಬೇಕೆಂದಿಲ್ಲ. ಊಟ ನೀರು ಬಿಟ್ಟು, ಸ್ನಾನ ಬಿಟ್ಟು, ತಿಂಗಳುಗಟ್ಟಲೆ ಕೋಣೆಯಲ್ಲಿ ಕೂತು ಜೀವಕ್ಕೆ ಕುತ್ತು ತಂದುಕೊಂಡವನೂ ಇದರಲ್ಲಿ ಬರುತ್ತಾನೆ. ಏನಾದರೂ ಆದ ಮೇಲೆ ಬನ್ನಿ ಎಂದು ಹೇಳುವವರಿಗೆ ಈ ಸಾಲು ಗೊತ್ತಿರುವುದಿಲ್ಲ. ನನಗೂ ಆವರೆಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಹೀಗೆ ಸೇರಿಸಿದ ಮೇಲೂ ಕಾನೂನು ರೋಗಿಯನ್ನು ಮರೆಯುವುದಿಲ್ಲ. ಸೇರಿಸಿದ ವಿಷಯವನ್ನು ಏಳು ದಿನದೊಳಗೆ, ಹೆಂಗಸರಾದರೆ ಮೂರು ದಿನದೊಳಗೆ, ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅವನಿಗೆ ಸ್ವಂತ ನಿರ್ಧಾರದ ಶಕ್ತಿ ಮರಳಿದೆಯೇ ಎಂದು ಏಳು ದಿನಕ್ಕೊಮ್ಮೆ ನೋಡಬೇಕು. ಮರಳಿದ್ದರೆ, ಇರಬೇಕೋ ಹೋಗಬೇಕೋ ಎಂಬುದು ಅವನ ಇಷ್ಟ. 30 ದಿನ ಸಾಲದಿದ್ದರೆ ಸೆಕ್ಷನ್ 90ರ ಪ್ರಕಾರ ಇಬ್ಬರು ಮನೋವೈದ್ಯರ ಪರೀಕ್ಷೆ ಮತ್ತು ಮಂಡಳಿಯ ಒಪ್ಪಿಗೆಯ ಮೇಲೆ ಮೊದಲು 90 ದಿನ, ನಂತರ 120, ನಂತರ 180 ದಿನ ಮುಂದುವರಿಸಬಹುದು.

ರೋಗಿ ಮನೆ ಬಿಟ್ಟು ಬರುವುದೇ ಇಲ್ಲವಾದರೆ ಏನು ಮಾಡಬೇಕು? ಇಲ್ಲಿ ಸೆಕ್ಷನ್ 94 ಇದೆ. ಜೀವಕ್ಕೆ ಅಥವಾ ಬೇರೆಯವರಿಗೆ ಗಂಭೀರ ಹಾನಿಯಾಗುವಂತಿದ್ದರೆ, ಕಾಯಿಲೆಯಿಂದಾಗಿ ಆಸ್ತಿಪಾಸ್ತಿಗೆ ದೊಡ್ಡ ನಷ್ಟ ಆಗುವಂತಿದ್ದರೂ ಸಹ, ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಪ್ರತಿನಿಧಿ ಸಿಕ್ಕಿದರೆ ಅವರ ಒಪ್ಪಿಗೆ ಬೇಕು. ಈ ಚಿಕಿತ್ಸೆಯಲ್ಲಿ ಆಸ್ಪತ್ರೆಗೆ ಸಾಗಿಸುವುದೂ ಸೇರಿದೆ. ಮನೋವೈದ್ಯರೇ ಆಗಬೇಕೆಂದಿಲ್ಲ, ನಿಮ್ಮ ಫ್ಯಾಮಿಲಿ ಡಾಕ್ಟರೂ ಮಾಡಬಹುದು. ಪೊಲೀಸರಿಗೆ ಸೆಕ್ಷನ್ 100ರಲ್ಲಿ ಜವಾಬ್ದಾರಿ ಇದೆ: ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರುವ ವ್ಯಕ್ತಿ ತಮ್ಮ ಠಾಣೆಯ ವ್ಯಾಪ್ತಿಯಲ್ಲಿದ್ದರೆ ಅವನನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಗೆ ಹೋಗುವಾಗ ಬಾಯಿಮಾತು ಸಾಲದು. ಹಳೆಯ ಚೀಟಿಗಳ ನಕಲು, ಇತ್ತೀಚೆಗೆ ಏನೇನಾಯಿತು ಎಂಬುದನ್ನು ತಾರೀಖು ಹಾಕಿ ಬರೆದ ಒಂದು ಹಾಳೆ, ಸೆಕ್ಷನ್ 100 ಎಂಬ ಹೆಸರು, ಇಷ್ಟನ್ನು ಕೈಯಲ್ಲಿ ಹಿಡಿದು ಹೋಗಿ.

ನಮ್ಮ ರೋಗಿಯನ್ನು ಇದೇ ಸೆಕ್ಷನ್ 89ರಲ್ಲಿ ಮನೋವೈದ್ಯರ ವಾರ್ಡಿಗೆ ಸೇರಿಸಲಾಯಿತು. ತಾಯಿಯೇ ಪ್ರತಿನಿಧಿ. ಅರ್ಜಿಗೆ ಸಹಿ ಹಾಕುವಾಗ ಅವರ ಕೈ ನಡುಗುತ್ತಿತ್ತು. ಬಿಪಿ ನೋಡಿದರೆ 190. ಅವರಿಗೆ ತಮ್ಮ ಬಿಪಿ ಮಾತ್ರೆ ನೆನಪಾಗದೆ ಎಷ್ಟು ತಿಂಗಳಾಗಿತ್ತೋ.

*ಕಾನೂನು ಇಷ್ಟು ಬಿಗಿಯಾದದ್ದು ಯಾಕೆ*

ಮನೆಯವರ ಕಷ್ಟ ನೋಡಿದಾಗ ಕಾನೂನಿನ ಮೇಲೆ ಸಿಟ್ಟು ಬರುತ್ತದೆ. ಆದರೆ ಹಿಂದಿನ ಕಥೆಯನ್ನೂ ತಿಳಿದಿರಬೇಕು.

ಉತ್ತರ ಕರ್ನಾಟಕದಲ್ಲಿ ಯಾರಾದರೂ ತಲೆಕೆಟ್ಟು ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಿಸ್ರಿ" ಅನ್ನುತ್ತೇವೆ. ಪುಣೆಯಲ್ಲಿ ಅದೇ ಮಾತಿಗೆ ಯರವಡಾ. ಎರಡೂ ಹಳೇ ಮುಂಬಯಿ ಪ್ರಾಂತದ ಆಸ್ಪತ್ರೆಗಳು. ಧಾರವಾಡದ್ದು 1845ರಷ್ಟು ಹಳೆಯದು, ಈಗ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ. ಯರವಡಾದ ಪ್ರಾದೇಶಿಕ ಮನೋರುಗ್ಣಾಲಯದಲ್ಲಿ 2,540 ಹಾಸಿಗೆಗಳಿವೆ. ಒಳಗೆ ಹೋದವರು ಹೊರಗೆ ಬರುವುದಿಲ್ಲ ಎಂಬ ಭಯ ಈ ಹೆಸರುಗಳಿಗೆ ಅಂಟಿಕೊಂಡದ್ದು ಸುಮ್ಮನೆ ಅಲ್ಲ. 1912ರ ಹುಚ್ಚರ ಕಾಯ್ದೆಯಲ್ಲಿ ಚಿಕಿತ್ಸೆಗಿಂತ ಕೂಡಿಹಾಕುವುದೇ ಮುಖ್ಯವಾಗಿತ್ತು. 1987ರ ಕಾಯ್ದೆ ಹೆಸರು ಬದಲಿಸಿತು, ಸ್ವಲ್ಪ ಸುಧಾರಿಸಿತು. ಅದರಲ್ಲೂ ಸಂಬಂಧಿಕರ ಅರ್ಜಿ ಮತ್ತು ಇಬ್ಬರು ವೈದ್ಯರ ಸರ್ಟಿಫಿಕೇಟಿನ ಮೇಲೆ ಒಬ್ಬರನ್ನು 90 ದಿನ ಇರಿಸಿಕೊಳ್ಳಬಹುದಿತ್ತು. ಬೇಡವಾದ ಹೆಂಡತಿಯನ್ನು, ಆಸ್ತಿಯಲ್ಲಿ ಪಾಲು ಕೇಳುವ ತಂಗಿಯನ್ನು ಹೀಗೆ ಒಳಗೆ ಹಾಕಿ ವಿಳಾಸ ಬದಲಿಸಿಕೊಂಡ ಮನೆಗಳೂ ಇದ್ದವು. ಗುಣವಾದ ಮೇಲೂ ಕರೆದೊಯ್ಯಲು ಯಾರೂ ಬಾರದೆ ಮುದುಕರಾದವರನ್ನು ಇಂಥ ಆಸ್ಪತ್ರೆಗಳಲ್ಲಿ ಈಗಲೂ ಕಾಣಬಹುದು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ದರ್ಗಾದ ಹತ್ತಿರದ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಗುಣವಾಗಲೆಂದು ಮನೆಯವರೇ ತಂದು ಬಿಟ್ಟಿದ್ದ 28 ಮಂದಿ ಸತ್ತರು. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. 2017ರ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ, ಅರಿವಳಿಕೆ ಕೊಡದೆ ಶಾಕ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿದೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಹೊಂದುವಂತೆ ಈ ಕಾಯ್ದೆಯನ್ನು ಬರೆಯಲಾಯಿತು. ಆ ಬರವಣಿಗೆಯಲ್ಲಿ ಆರೋಗ್ಯ ಸಚಿವಾಲಯಕ್ಕೆ ನೆರವಾದವರು ಪುಣೆಯ ಐಎಲ್‌ಎಸ್ ಲಾ ಕಾಲೇಜಿನ ಮಾನಸಿಕ ಆರೋಗ್ಯ ಕಾನೂನು ಕೇಂದ್ರದ ಡಾ. ಸೌಮಿತ್ರ ಪಠಾರೆ. ದಿನಾ ಲಾ ಕಾಲೇಜ್ ರೋಡಿನಲ್ಲಿ ಓಡಾಡುವ ನಮಗೆ ಇದು ಗೊತ್ತಿರುವುದಿಲ್ಲ.

*ಮನೆಯವರು ಕೇಳುತ್ತಿರುವುದು*

ರೋಗಿಯ ಹಕ್ಕಿನ ಬಗ್ಗೆ ಇಷ್ಟು ವಿವರವಾಗಿ ಬರೆದ ಕಾನೂನು, ಅವನನ್ನು ಇಪ್ಪತ್ತು ವರ್ಷ ನೋಡಿಕೊಂಡ ತಾಯಿಯ ಬಗ್ಗೆ ಬಹಳ ಕಡಿಮೆ ಹೇಳಿದೆ. ಮನೆಯವರ ಸಂಘಟನೆಗಳ ದೂರು ಇದೇ. ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇದೆ. ಅದನ್ನು ಕಟ್ಟಿದ ಡಾ. ಜಗನ್ನಾಥ ವಾಣಿ ಕೆನಡಾದ ಕ್ಯಾಲ್ಗರಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಪತ್ನಿಗೆ ಈ ಕಾಯಿಲೆ ಇತ್ತು. 2004ರ 'ದೇವರಾಯಿ' ಎಂಬ ಮರಾಠಿ ಸಿನಿಮಾವನ್ನು ನೀವು ನೋಡಿರಬಹುದು, ಸ್ಕಿಜೋಫ್ರೇನಿಯಾ ಇರುವ ಅಣ್ಣನ ಪಾತ್ರದಲ್ಲಿ ಅತುಲ್ ಕುಲಕರ್ಣಿ ಇದ್ದಾರೆ. ಅದರ ಹಿಂದೆಯೂ ಇದೇ ಬಳಗ. ಬೆಂಗಳೂರಿನಲ್ಲಿ ನಿರ್ಮಲಾ ಶ್ರೀನಿವಾಸನ್ ಅವರಂಥವರು ಮನೆಯವರ ಪರವಾಗಿ ವರ್ಷಗಟ್ಟಲೆ ಬರೆದು ಮಾತಾಡಿದ್ದಾರೆ.

ಮೊದಲ ಬೇಡಿಕೆ ಹೊಸ ಕಾನೂನಲ್ಲ, ಇರುವುದನ್ನು ನಡೆಸಿ ಎಂಬುದು. ಪುನರ್‌ಪರಿಶೀಲನಾ ಮಂಡಳಿಗಳ ಮೇಲೆ ಇಡೀ ಕಾಯ್ದೆ ನಿಂತಿದೆ, ಆದರೆ ಅವುಗಳನ್ನು ರಚಿಸಲು ರಾಜ್ಯಗಳು ವರ್ಷಗಟ್ಟಲೆ ತೆಗೆದುಕೊಂಡವು. ಮಹಾರಾಷ್ಟ್ರದಲ್ಲಿ ಕಾಯ್ದೆ ಜಾರಿ ಮಾಡಿಸಲು ಮುಂಬೈಯ ಮನೋವೈದ್ಯ ಡಾ. ಹರೀಶ್ ಶೆಟ್ಟಿ ಹೈಕೋರ್ಟಿಗೇ ಹೋಗಬೇಕಾಯಿತು. ಆಸ್ಪತ್ರೆ ಮತ್ತು ಮನೆಯ ನಡುವೆ ಇರಬೇಕಾದ ಹಾಫ್‌ವೇ ಹೋಮ್, ಆಸರೆಯ ವಸತಿ, ಇವನ್ನು ಸರ್ಕಾರ ಒದಗಿಸಬೇಕೆಂದು ಸೆಕ್ಷನ್ 18ರಲ್ಲೇ ಇದೆ. ಎಲ್ಲಿದೆ ತೋರಿಸಿ ಅಂದರೆ ಕೈಬೆರಳಿನಲ್ಲಿ ಎಣಿಸಬೇಕು. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅವರಿಗೆಲ್ಲ ಮನೆಯೇ ಆಸ್ಪತ್ರೆ.

ಎರಡನೆಯದು ನಿಜವಾಗಿ ಕಾನೂನಿನ ತೂತು. "ನಾ ಸತ್ತ ಮ್ಯಾಲ ಇವನ್ನ ಯಾರು ನೋಡ್ತಾರ್ರೀ?" ಎಂದು ಆ ತಾಯಿ ನನ್ನನ್ನು ಕೇಳಿದ್ದು ಇದನ್ನೇ. 1987ರ ಕಾಯ್ದೆಯಲ್ಲಿ ಒಂದು ಅಧ್ಯಾಯವಿತ್ತು: ತನ್ನ ವ್ಯವಹಾರ ನೋಡಿಕೊಳ್ಳಲಾಗದ ರೋಗಿಗೆ ಜಿಲ್ಲಾ ನ್ಯಾಯಾಲಯ ವಿಚಾರಣೆ ಮಾಡಿ ಪಾಲಕರನ್ನು, ಆಸ್ತಿಗೆ ಮ್ಯಾನೇಜರನ್ನು ನೇಮಿಸಬಹುದಿತ್ತು. 2017ರ ಕಾಯ್ದೆ ಆ ಅಧ್ಯಾಯವನ್ನು ಪೂರ್ತಿ ಕೈಬಿಟ್ಟಿತು. ಈಗಿನ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಅಧಿಕಾರ. ಬ್ಯಾಂಕ್ ಖಾತೆ, ಪೆನ್ಷನ್, ಫ್ಲ್ಯಾಟ್ ಅವರ ಕೈಗೆ ಬರುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪಾಲಕರನ್ನು ಕೊಡುತ್ತದೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುಬಗೆಯ ಅಂಗವೈಕಲ್ಯ ಇರುವವರಿಗೆ. ಸ್ಕಿಜೋಫ್ರೇನಿಯಾ ಆ ಪಟ್ಟಿಯಲ್ಲಿಲ್ಲ. ಉಳಿದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 14: ಜಿಲ್ಲಾ ನ್ಯಾಯಾಲಯ ಸೀಮಿತ ಪಾಲಕತ್ವ ಕೊಡಬಹುದು, ಒಂದು ನಿರ್ದಿಷ್ಟ ನಿರ್ಧಾರಕ್ಕೆ, ಒಂದು ನಿರ್ದಿಷ್ಟ ಅವಧಿಗೆ. ದೀರ್ಘಕಾಲದ ಕಾಯಿಲೆಗೆ ಇದು ಸಾಲದು ಎಂಬುದು ಮನೆಯವರ ವಾದ. ಪೂರ್ತಿ ಪಾಲಕತ್ವ ವಾಪಸ್ ತಂದರೆ ಹಳೇ ದುರುಪಯೋಗವೂ ವಾಪಸ್ ಬರುತ್ತದೆ ಎಂದು ಹಕ್ಕುಗಳ ಪರ ಇರುವವರು ಹೇಳುತ್ತಾರೆ. ನನಗೆ ಅನಿಸುವುದು: ಆ ಭಯ ಸರಿಯಾದದ್ದೇ, ಆದರೆ ಅದಕ್ಕೆ ಉತ್ತರ ನ್ಯಾಯಾಲಯದ ಬಿಗಿಯಾದ ಮೇಲ್ವಿಚಾರಣೆ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ನಿಯಮ. ಬಾಗಿಲನ್ನೇ ಮುಚ್ಚಿದರೆ ತಾಯಿ ಸತ್ತ ಮರುದಿನ ಫ್ಲ್ಯಾಟಿಗೆ ಬರುವ ಮೊದಲ ನೆಂಟ ಪಾಲಕನಾಗುತ್ತಾನೆ, ಅವನ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ಅಲ್ಲಿಯವರೆಗೆ ವಕೀಲರು ಹೇಳುವ ದಾರಿ ವಿಲ್ ಮತ್ತು ಖಾಸಗಿ ಟ್ರಸ್ಟ್. 1882ರ ಟ್ರಸ್ಟ್ ಕಾಯ್ದೆಯಡಿ ಮನೆಯನ್ನು, ಹಣವನ್ನು ಮಗನ ಹಿತಕ್ಕಾಗಿ ಟ್ರಸ್ಟಿಗೆ ಬರೆದಿಡಬಹುದು. ಟ್ರಸ್ಟಿಗಳು ಇಬ್ಬರಿಗಿಂತ ಹೆಚ್ಚು ಇರಲಿ, ಒಬ್ಬರಾದರೂ ಸಂಬಂಧಿಕರಲ್ಲದವರು ಇರಲಿ. ಸರ್ಕಾರಿ ನೌಕರಿ ಮಾಡಿದವರು ಪೆನ್ಷನ್ ಕಚೇರಿಯಲ್ಲಿ ವಿಚಾರಿಸಿ: ದುಡಿಯಲಾಗದ ಮಾನಸಿಕ ಕಾಯಿಲೆಯ ಮಕ್ಕಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿಗೆ ಅವಕಾಶವಿದೆ, ಹೆತ್ತವರು ಬದುಕಿರುವಾಗಲೇ ಹೆಸರು ದಾಖಲಿಸಿಟ್ಟರೆ ಮುಂದೆ ಅಲೆದಾಟ ತಪ್ಪುತ್ತದೆ.

ನಿಮ್ಮ ಮಕ್ಕಳು ಅಮೆರಿಕದಲ್ಲಿದ್ದರೆ ಅಲ್ಲಿಯೂ ಇದೇ ಜಗಳ ಕೇಳಿರುತ್ತಾರೆ. ನ್ಯೂಯಾರ್ಕಿನಲ್ಲಿ 1999ರಲ್ಲಿ ಚಿಕಿತ್ಸೆಯಿಲ್ಲದ ರೋಗಿಯೊಬ್ಬ ಕೆಂಡ್ರಾ ವೆಬ್‌ಡೇಲ್ ಎಂಬ ಹುಡುಗಿಯನ್ನು ಮೆಟ್ರೋ ಹಳಿಗೆ ತಳ್ಳಿದ. ಅವಳ ಮನೆಯವರು ಸೇಡು ಕೇಳಲಿಲ್ಲ, ಕಾನೂನು ಕೇಳಿದರು. ಪದೇ ಪದೇ ಔಷಧಿ ಬಿಟ್ಟು ಅಪಾಯಕ್ಕೆ ಬೀಳುವವರು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವಂತೆ ನ್ಯಾಯಾಲಯ ಆದೇಶಿಸಬಹುದು ಎಂಬ ಕಾನೂನು ಅದೇ ವರ್ಷ ಬಂತು. ಇಂಗ್ಲೆಂಡಿನಲ್ಲೂ ಅಂಥ ಏರ್ಪಾಡಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ, ತನ್ನನ್ನು ನೋಡಿಕೊಳ್ಳಲಾಗದವನು ಎಂಬುದರ ವ್ಯಾಖ್ಯೆಯನ್ನು ವಿಸ್ತರಿಸಿತು, ಮನೆಯವರ ಒತ್ತಾಯ ಅದರ ಹಿಂದೆ ಜೋರಾಗಿತ್ತು. ನಮ್ಮಲ್ಲಿ ಆಸ್ಪತ್ರೆಯ ಹೊರಗೆ ಇಂಥ ಆದೇಶವಿಲ್ಲ. ಮನೆಗೆ ಬರುವ ನರ್ಸು, ಸೋಷಿಯಲ್ ವರ್ಕರ್ ಇಲ್ಲದ ಊರಿನಲ್ಲಿ ಬರೀ ಆದೇಶ ತಂದು ಏನು ಮಾಡುವುದು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ.

ಆದರೆ ಮನೆಯವರನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವುದು ನಾವು ಯಾರಿಂದಲೂ ಕಲಿಯಬೇಕಿಲ್ಲ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆ ಎಂದರೇನು ಎಂಬುದನ್ನು ಅವರಿಗೆ ಅಲ್ಲೇ ಕಲಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಫ್ಯಾಮಿಲಿ ವಾರ್ಡ್ ಆಗಿ ಬೆಳೆಸಿತು.

*ಈಗಲೇ ಮಾಡಿಕೊಳ್ಳಬಹುದಾದ್ದು*

ರೋಗಿ ಸಮಾಧಾನದಲ್ಲಿರುವಾಗ, ಮಾತು ತಲೆಗೆ ಹೋಗುತ್ತಿರುವಾಗ, ಪ್ರತಿನಿಧಿ ಯಾರೆಂದು ಅವರಿಂದಲೇ ಬರೆಸಿ. ಸೆಕ್ಷನ್ 14ರಲ್ಲಿ ಇದಕ್ಕೆ ಸ್ಟಾಂಪ್ ಪೇಪರ್ ಕೇಳಿಲ್ಲ. ಬಿಳಿ ಹಾಳೆ, ಅವರ ಸಹಿ ಅಥವಾ ಹೆಬ್ಬೆಟ್ಟು ಸಾಕು. ಬರೆದಿಡದಿದ್ದರೆ ಸಂಬಂಧಿಕರು, ಆಮೇಲೆ ನೋಡಿಕೊಳ್ಳುತ್ತಿರುವವರು, ಹೀಗೆ ಕಾನೂನೇ ಸರದಿ ಹಾಕುತ್ತದೆ. ಆದರೆ ಬರೆದಿಟ್ಟರೆ ಡಾಕ್ಟರು ನಿಮಗೆ ಮಾಹಿತಿ ಕೊಡಲು ಹಿಂಜರಿಯುವುದಿಲ್ಲ. "ಇದು ಗೋಪ್ಯ" ಎಂಬ ಉತ್ತರ ಪ್ರತಿನಿಧಿಗೆ ಅನ್ವಯಿಸದು. ಮುಂದೆ ಕಾಯಿಲೆ ಹೆಚ್ಚಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಸೆಕ್ಷನ್ 5ರ ಪ್ರಕಾರ ಮೊದಲೇ ಬರೆದಿಡಲೂ ಬಹುದು. ಅದನ್ನು ಮಂಡಳಿಯಲ್ಲಿ ನೋಂದಾಯಿಸಬೇಕಾಗುತ್ತದೆ. "ನಾನು ಮೂರು ದಿನ ನಿದ್ದೆ ಮಾಡದಿದ್ದರೆ ಇಂಥ ಆಸ್ಪತ್ರೆಗೆ ಕರೆದೊಯ್ಯಿರಿ" ಎಂದು ಚೆನ್ನಾಗಿದ್ದಾಗ ತಾವೇ ಬರೆದವರ ಮಾತನ್ನು, ಹುಷಾರಿಲ್ಲದಾಗ ಅವರಿಗೇ ತೋರಿಸುವುದು ಸುಲಭ.

ನಮ್ಮಂಥ ವಲಸೆ ಬಂದವರಿಗೆ ಇನ್ನೊಂದು ಕಷ್ಟ ಭಾಷೆ. ಸಂಶಯ, ಭ್ರಮೆ, ಕಿವಿಯಲ್ಲಿ ಕೇಳುವ ದನಿ, ಇವನ್ನೆಲ್ಲ ಮುರುಕು ಹಿಂದಿಯಲ್ಲಿ ಹೇಳಲಾಗುವುದಿಲ್ಲ. ಆ ದನಿಗಳೂ ಕನ್ನಡದಲ್ಲೇ ಮಾತಾಡುತ್ತವೆ ತಾನೆ. ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ಸೆಕ್ಷನ್ 22ರ ಹಕ್ಕು, ಕೇಳಿ. ಆಧಾರ್ ಕಾರ್ಡಿನಲ್ಲಿ ಕರ್ನಾಟಕದ ವಿಳಾಸವಿದೆ ಎಂಬುದು ಸರ್ಕಾರಿ ಆಸ್ಪತ್ರೆಯಿಂದ ವಾಪಸ್ ಕಳಿಸಲು ಕಾರಣವಾಗಬಾರದು. ಯಾವುದೇ ಆಧಾರದ ಮೇಲೆ ಭೇದ ಮಾಡಬಾರದೆಂದು ಸೆಕ್ಷನ್ 18 ಹೇಳುತ್ತದೆ. 14416 ಟೆಲಿ ಮಾನಸ್‌ನ ಉಚಿತ ಸಂಖ್ಯೆ. 2022ರ ಅಕ್ಟೋಬರಿನಿಂದ ಇದೆ, ಕನ್ನಡವನ್ನೂ ಆರಿಸಿಕೊಳ್ಳಬಹುದು, ಮನೆಯವರೂ ಮಾಡಬಹುದು. ಆರೋಗ್ಯ ವಿಮೆ ಇದ್ದವರು ಸೆಕ್ಷನ್ 21 ನೆನಪಿಡಿ: ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಆತ್ಮಹತ್ಯೆ ಒಂದು ಕಾರಣ, ಹೃದಯದ ಕಾಯಿಲೆ ಇನ್ನೊಂದು ದೊಡ್ಡ ಕಾರಣ. ಓಲಾಂಜಪೈನ್, ಕ್ಲೋಜಪೈನ್ ಥರದ ಔಷಧಿ ತೂಕ ಮತ್ತು ಸಕ್ಕರೆ ಏರಿಸುತ್ತವೆ, ಜೊತೆಗೆ ಬೀಡಿ ಸಿಗರೇಟು. ಎದೆ ನೋಯುತ್ತದೆ ಎಂದು ರೋಗಿ ಹೇಳಿದರೂ "ಅವನು ಹಂಗೇ ಏನೇನೋ ಅಂತಿರ್ತಾನೆ" ಎಂದು ಮನೆಯಲ್ಲೂ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಬಿಟ್ಟುಬಿಡುತ್ತೇವೆ. ಔಷಧಿ ಶುರುವಾಗುವ ಮೊದಲು ಒಂದು ಇಸಿಜಿ, ತೂಕ, ಸೊಂಟದ ಅಳತೆ, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಮೂರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಿ. ತೂಕ ಹೆಚ್ಚಾಯಿತೆಂದು ನೀವೇ ಔಷಧಿ ನಿಲ್ಲಿಸಬೇಡಿ, ಮನೋವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ, ಎಲ್ಲ ಔಷಧಿಯ ಹೆಸರನ್ನೂ ಹೇಳಿ.

ಊಟದಲ್ಲಿ ಬೆರೆಸಿ ಕೊಡುತ್ತಿರುವವರು ಈ ಗುಂಪಿನಲ್ಲೂ ಇದ್ದೀರಿ ಎಂದು ನನಗೆ ಗೊತ್ತು. ಬೈಯಲು ಬರೆಯುತ್ತಿಲ್ಲ. ಅದು ಕಾನೂನಿಗೆ ಒಪ್ಪುವುದಿಲ್ಲ, ಆದರೆ ನನ್ನ ದೊಡ್ಡ ಹೆದರಿಕೆ ಅದಲ್ಲ. ಹೇಳದೆ ಕೊಟ್ಟ ಔಷಧಿಯ ಪರಿಣಾಮವನ್ನು ಯಾರೂ ಅಳೆಯಲಾಗುವುದಿಲ್ಲ. ಕನಿಷ್ಠ ಒಬ್ಬ ವೈದ್ಯರಿಗೆ, ರೋಗಿಯ ಕಿವಿಗೆ ಬೀಳದ ಹಾಗೆ, ಇವತ್ತೇ ಹೇಳಿ.

ನಮ್ಮ ರೋಗಿ 26 ದಿನ ವಾರ್ಡಿನಲ್ಲಿದ್ದ. ಕ್ಯೂಟಿಯ ಮೇಲೆ ಹೆಚ್ಚು ಪರಿಣಾಮವಿಲ್ಲದ ಅರಿಪಿಪ್ರಜೋಲ್ ಶುರು ಮಾಡಿದರು. ಮೂರನೇ ವಾರದ ಪರೀಕ್ಷೆಯಲ್ಲಿ ಅವನಿಗೆ ನಿರ್ಧಾರದ ಶಕ್ತಿ ಮರಳಿದೆ ಎಂದು ಬರೆದರು. ಉಳಿದ ದಿನ ಅವನೇ ಒಪ್ಪಿ ಇದ್ದ. ಮಜ್ಜಿಗೆಯ ವಿಷಯವನ್ನು ಅವನಿಗೆ ಹೇಳಲೇಬೇಕೆಂದು ಮನೋವೈದ್ಯರು ಪಟ್ಟು ಹಿಡಿದರು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಎರಡು ದಿನ ಅವನು ತಾಯಿಯ ಮುಖ ನೋಡಲಿಲ್ಲ. ಡಿಸ್ಚಾರ್ಜಿಗೆ ಮೊದಲು ಪ್ರತಿನಿಧಿಯ ಹೆಸರು ಕೇಳಿದಾಗ, "ಅವ್ವ ಬ್ಯಾಡ. ಅಕ್ಕನ ಹೆಸರು ಬರೀರಿ" ಅಂದ. ತಾಯಿ ಅತ್ತರು. ಅಕ್ಕ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದು ಸಹಿ ಹಾಕಿದಳು.

ಈಗ ಮೂರು ತಿಂಗಳಿಗೊಮ್ಮೆ ಇಬ್ಬರೂ ನನ್ನ ಓಪಿಡಿಗೆ ಬರುತ್ತಾರೆ, ಅವನು ಇಸಿಜಿಗೆ, ಅವರು ಬಿಪಿಗೆ. ಕ್ಯೂಟಿ 430 ಇದೆ. ತಾಯಿಯ ಬಿಪಿ 140ಕ್ಕೆ ಬಂದಿದೆ, ಫ್ಲ್ಯಾಟಿನ ಟ್ರಸ್ಟ್ ಕಾಗದ ಇನ್ನೂ ವಕೀಲರ ಹತ್ತಿರ ಇದೆ. ಮಾತ್ರೆಯನ್ನು ಅವನೇ ತೆಗೆದುಕೊಳ್ಳುತ್ತಾನೆ. ಮಜ್ಜಿಗೆಯನ್ನೂ ಅವನೇ ಮಾಡಿಕೊಳ್ಳುತ್ತಾನೆ, ತಾಯಿ ಕೊಟ್ಟರೆ ಕುಡಿಯುವುದಿಲ್ಲ.